ಎಡಗನ್ನಡಿ ಅಲುಗದಿದ್ದರೆ ದೋಷ ಹುಡುಕುವುದು ಹೇಗೆ?

ಕಳೆದ ಮಳೆಗಾಲದಲ್ಲಿ ನಮ್ಮ ಮಾಮೂಗೆ ಒಂದು ಹೊಸ ಅಭ್ಯಾಸ ಶುರುವಾಗಿತ್ತು. ಅವರು ಟ್ಯಾಕ್ಸಿ ಓಡಿಸುತ್ತಾರೆ, ಹೆಚ್ಚಾಗಿ ರಾಮನಗರದಿಂದ ಬೆಂಗಳೂರಿಗೆ, ಕೆಲವೊಮ್ಮೆ ಮೈಸೂರಿಗೆ. ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ಕೆಳಗಿಳಿದು, ಸುತ್ತಿಕೊಂಡು ಹೋಗಿ, ಎಡಗಡೆ ಕನ್ನಡಿಯ ಗಾಜನ್ನು ಹೆಬ್ಬೆರಳಿನಿಂದ ಒತ್ತಿ ಸರಿಮಾಡುತ್ತಿದ್ದರು. ಮತ್ತೆ ಬಂದು ಸೀಟಿನಲ್ಲಿ ಕೂತು ನೋಡುವುದು, ಸಾಲದಿದ್ದರೆ ಮತ್ತೆ ಇಳಿಯುವುದು. ಸ್ವಿಚ್ ಒತ್ತಿದರೆ ಕನ್ನಡಿ ಎಡಕ್ಕೆ ಬಲಕ್ಕೆ ಹೋಗುತ್ತಿತ್ತು, ಮೇಲಕ್ಕೆ ಕೆಳಕ್ಕೆ ಮಾತ್ರ ಹೋಗುತ್ತಿರಲಿಲ್ಲ. ಕೈಯಿಂದ ಒತ್ತಿ ಒತ್ತಿ ಒಳಗಿನ ಹಿಡಿತ ಸಡಿಲವಾಗಿ, ರಸ್ತೆಯ ಕುಲುಕಾಟಕ್ಕೆ ಗಾಜು ತಾನೇ ಕೆಳಕ್ಕೆ ವಾಲುತ್ತಿತ್ತು.

ನಮ್ಮ ಹೆದ್ದಾರಿಯಲ್ಲಿ ಎಡಗನ್ನಡಿ ಎಷ್ಟು ಮುಖ್ಯ ಎಂಬುದು ದಿನಾ ಬಸ್ಸಿನಲ್ಲಿ ಬರುವ ನಿಮಗೂ ಗೊತ್ತಿರುತ್ತದೆ. ಬೆಂಗಳೂರು–ಮೈಸೂರು ರಾಷ್ಟ್ರೀಯ ಹೆದ್ದಾರಿ 275ರ ಹೊಸ ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳಿಗೆ ಮುಖ್ಯ ರಸ್ತೆಯಲ್ಲಿ ಪ್ರವೇಶ ಇಲ್ಲವಾಯಿತು. ಅವೆಲ್ಲ ಈಗ ಸರ್ವಿಸ್ ರಸ್ತೆಯಲ್ಲಿವೆ. ಮೇಲಿನಿಂದ ವೇಗವಾಗಿ ಬಂದ ಕಾರು ಸರ್ವಿಸ್ ರಸ್ತೆಗೆ ಇಳಿಯುವಾಗ ಎಡಕ್ಕೇ ಸರಿಯಬೇಕು, ಬೈಕುಗಳು ಇರುವುದೂ ಅಲ್ಲೇ. ಒಂದು ಸಂಜೆ ಚನ್ನಪಟ್ಟಣದ ಹತ್ತಿರ ಹೀಗೆ ಇಳಿಯುವಾಗ ಮಾಮೂಗೆ ಪಕ್ಕದಲ್ಲಿದ್ದ ಸ್ಕೂಟರ್ ಕಾಣಲಿಲ್ಲ. ಕನ್ನಡಿಯಲ್ಲಿ ರಸ್ತೆಯ ಡಾಂಬರು ಮಾತ್ರ ಕಾಣುತ್ತಿತ್ತು. ಸ್ಕೂಟರಿನವರು ಹಾರ್ನ್ ಹೊಡೆದದ್ದರಿಂದ ಉಳಿದರು. ಸ್ಕೂಟರಿನ ಮುಂದೆ ಒಂದು ಮಗು ನಿಂತಿತ್ತಂತೆ. ಮನೆಗೆ ಬಂದ ಮಾಮೂ ಆ ರಾತ್ರಿ ಊಟ ಮಾಡಲಿಲ್ಲ.

ಮಾರನೆಯ ದಿನ ಒಂದು ಗ್ಯಾರೇಜಿನಲ್ಲಿ ಕೇಳಿದರು. ಅವರು ಗಾಡಿ ಮುಟ್ಟದೆಯೇ, 'ಮೋಟರ್ ಹೋಗಿದೆ, ಪೂರ್ತಿ ಮಿರರ್ ಸೆಟ್ ಬದಲಿಸಬೇಕು, 6,800 ರೂಪಾಯಿ' ಎಂದರು. ಕೊಡಲು ಮಾಮೂ ತಯಾರಾಗಿಯೂ ಇದ್ದರು. ಅಬ್ಬಾ ಮಾತ್ರ, 'ಒಂದು ಸಲ ಉಸ್ತಾದರಿಗೆ ತೋರಿಸಿ' ಎಂದರು. ಐಜೂರು ಕಡೆ ಒಂದು ಸಣ್ಣ ಶೆಡ್ಡಿನಲ್ಲಿ ವಾಹನಗಳ ವೈರಿಂಗ್ ಕೆಲಸ ಮಾಡುವ ಹಿರಿಯರು ಅವರು. ಭಾನುವಾರ ನಾನೂ ಜೊತೆಗೆ ಹೋದೆ. ಅಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಎಸ್ಸೆಸ್ಸೆಲ್ಸಿಯ ಓಮ್‌ನ ನಿಯಮ ನೆನಪಿದ್ದರೆ ಸಾಕು, ಕಾಮರ್ಸ್‌ನವರಿಗೂ ಅರ್ಥವಾಗುತ್ತದೆ.

ಮೊದಲು ಕನ್ನಡಿಯ ಒಳಗೆ ಏನಿದೆ ಎಂದು ತಿಳಿಯಬೇಕು. ಗಾಜಿನ ಹಿಂದೆ ಎರಡು ಪುಟ್ಟ ಮೋಟರ್‌ಗಳಿವೆ. ಒಂದು ಮೇಲೆ-ಕೆಳಗೆ, ಇನ್ನೊಂದು ಎಡ-ಬಲ ತಿರುಗಿಸುತ್ತದೆ. ಎರಡು ಮೋಟರ್‌ಗಳಿಗೆ ನಾಲ್ಕು ವೈರ್ ಬೇಕು ಅನ್ನಿಸುತ್ತದೆ. ಆದರೆ ಸಾಮಾನ್ಯವಾಗಿ ಇರುವುದು ಮೂರೇ. ಮೇಲೆ-ಕೆಳಗೆ ಮೋಟರಿಗೆ ಒಂದು, ಎಡ-ಬಲ ಮೋಟರಿಗೆ ಒಂದು, ಎರಡಕ್ಕೂ ಸೇರಿ ಕಾಮನ್ ಒಂದು. ಮಡಚುವ ಕನ್ನಡಿ, ಇಂಡಿಕೇಟರ್, ಗಾಜು ಬಿಸಿಮಾಡುವ ಹೀಟರ್ ಇದ್ದರೆ ಅವುಗಳ ವೈರ್ ಬೇರೆ. ಸ್ವಿಚ್ಚಿನ ಕೆಲಸ ಜಾಣತನದ್ದು. ಮೇಲಕ್ಕೆ ಒತ್ತಿದಾಗ ಮೋಟರಿನ ವೈರಿಗೆ ಪ್ಲಸ್, ಕಾಮನ್‌ಗೆ ಮೈನಸ್ ಕೊಡುತ್ತದೆ. ಕೆಳಕ್ಕೆ ಒತ್ತಿದಾಗ ಅದನ್ನೇ ಅದಲುಬದಲು ಮಾಡುತ್ತದೆ, ಮೋಟರ್ ಹಿಂದಕ್ಕೆ ತಿರುಗುತ್ತದೆ. ಆದ್ದರಿಂದ ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಗಾಡಿಯ ಬಾಡಿಗೆ ಸಿಕ್ಕಿಸಿ ಪರೀಕ್ಷಿಸಿದರೆ ಅರ್ಧ ಉತ್ತರವೇ ಸಿಗುತ್ತದೆ. ಲ್ಯಾಂಪನ್ನು ಆ ಎರಡು ವೈರ್‌ಗಳ ನಡುವೆ ಹಿಡಿಯಬೇಕು.

ಉಸ್ತಾದ್ ಕೈಗೆ ಸ್ಕ್ರೂಡ್ರೈವರ್ ತೆಗೆದುಕೊಳ್ಳಲೇ ಇಲ್ಲ. ಡ್ರೈವರ್ ಸೀಟಿನಲ್ಲಿ ಕೂತು, ಎರಡೂ ಕನ್ನಡಿಗಳನ್ನು ನಾಲ್ಕೂ ದಿಕ್ಕಿಗೆ ಆಡಿಸಿ ನೋಡಿದರು. ಕಿವಿ ಕೊಟ್ಟು ಕೇಳಿದರು. 'ಗಾಡಿ ಬಿಚ್ಚುವ ಮೊದಲು ಬಾಯಲ್ಲೇ ಅರ್ಧ ಕೆಲಸ ಮುಗಿಸಬೇಕು ಬೇಟಾ' ಎಂದರು.

ಅವರ ಲೆಕ್ಕ ಹೀಗಿತ್ತು. ಎರಡೂ ಕನ್ನಡಿಗಳು ಪೂರ್ತಿ ನಿಂತಿದ್ದರೆ ಮೊದಲ ಅನುಮಾನ ಫ್ಯೂಸ್ ಮೇಲೆ, ಆಮೇಲೆ ಸ್ವಿಚ್ಚಿಗೆ ಬರುವ ಕರೆಂಟ್ ಮತ್ತು ಅರ್ಥ್ ಮೇಲೆ. ಅನೇಕ ಕಾರುಗಳಲ್ಲಿ ಕನ್ನಡಿಯ ಫ್ಯೂಸೂ ಮೊಬೈಲ್ ಚಾರ್ಜ್ ಮಾಡುವ ಸಾಕೆಟ್ಟಿನ ಫ್ಯೂಸೂ ಒಂದೇ. ಎರಡೂ ಒಟ್ಟಿಗೆ ಸತ್ತಿದ್ದರೆ ಸಾಕೆಟ್ಟಿನೊಳಗೆ ನಾಣ್ಯವೋ ಪಿನ್ನೋ ಬಿದ್ದಿದೆಯೇ ನೋಡಬೇಕು. ಒಂದು ಕನ್ನಡಿ ಪೂರ್ತಿ ನಿಂತಿದ್ದರೆ ಆ ಕಡೆಯ ಕಪ್ಲರ್, ಕಾಮನ್ ವೈರ್, ಅಥವಾ ಸ್ವಿಚ್ಚಿನಲ್ಲಿ ಎಡ-ಬಲ ಆರಿಸುವ ಕಾಂಟ್ಯಾಕ್ಟ್. ಮೋಟರ್ ಗುರ್ರ್ ಎನ್ನುತ್ತದೆ ಆದರೆ ಗಾಜು ಅಲುಗುವುದಿಲ್ಲ ಎಂದಾದರೆ ಅದು ಕರೆಂಟಿನ ದೋಷವೇ ಅಲ್ಲ, ಒಳಗಿನ ಪ್ಲಾಸ್ಟಿಕ್ ಗೇರ್ ಹಲ್ಲು ಹೋಗಿರುತ್ತದೆ ಅಥವಾ ಗಾಜು ಹಿಡಿತದಿಂದ ಬಿಟ್ಟಿರುತ್ತದೆ. ಗಾಜು ಕೊನೆ ಮುಟ್ಟಿದಾಗ ಕಟಕಟ ಸದ್ದು ಬಂದರೆ ಹೆದರಬೇಕಿಲ್ಲ. ಮೋಟರ್ ಸುಡದಿರಲೆಂದು ಅಲ್ಲಿ ಜಾರುವ ಕ್ಲಚ್ ಇಟ್ಟಿರುತ್ತಾರೆ.

ಇನ್ನೊಂದು ವಿಷಯ ನನಗೆ ಬಹಳ ಇಷ್ಟವಾಯಿತು. ಮೇಲಕ್ಕೆ ಒತ್ತಿದ ಕೂಡಲೇ ಫ್ಯೂಸ್ ಹೋಗುತ್ತದೆ, ಕೆಳಕ್ಕೆ ಒತ್ತಿದರೆ ಏನೂ ಆಗುವುದಿಲ್ಲ, ಕನ್ನಡಿ ಚೆನ್ನಾಗಿ ಇಳಿಯುತ್ತದೆ. ಹೀಗಾದರೆ ಏನರ್ಥ? ಆ ಮೋಟರಿನ ವೈರ್ ಎಲ್ಲೋ ಸಿಪ್ಪೆ ಸುಲಿದು ಬಾಡಿಗೆ ತಾಗುತ್ತಿದೆ. ಮೇಲಕ್ಕೆ ಒತ್ತಿದಾಗ ಅದರಲ್ಲಿ ಪ್ಲಸ್ ಬರುತ್ತದೆ, ಬಾಡಿಗೆ ಹರಿದು ಶಾರ್ಟ್ ಆಗುತ್ತದೆ. ಕೆಳಕ್ಕೆ ಒತ್ತಿದಾಗ ಅದು ಹೇಗೂ ಮೈನಸ್, ಬಾಡಿಯೂ ಮೈನಸ್, ಜಗಳವೇ ಇಲ್ಲ. ಇಂಥ ಗಾಡಿಗೆ ದೊಡ್ಡ ಫ್ಯೂಸ್ ಹಾಕುವವರಿದ್ದಾರೆ. ಹಾಕಿದರೆ ಫ್ಯೂಸ್ ಉಳಿದು ವೈರ್ ಸುಡುತ್ತದೆ.

ಈಗ ಮಾಮೂ ಗಾಡಿಗೆ ಬರೋಣ. ಬಲಗನ್ನಡಿ ನಾಲ್ಕೂ ದಿಕ್ಕಿಗೆ ಸರಿ, ಹಾಗಾಗಿ ಫ್ಯೂಸ್ ಸರಿ, ಸ್ವಿಚ್ಚಿಗೆ ಕರೆಂಟ್ ಸರಿ. ಎಡಗನ್ನಡಿ ಎಡ-ಬಲ ಆಡುತ್ತದೆ, ಹಾಗಾಗಿ ಅದರ ಕಾಮನ್ ವೈರೂ ಸರಿ. ಉಳಿದವು ಮೂರೇ: ಸ್ವಿಚ್ಚಿನಲ್ಲಿ ಆ ಒಂದು ಕಾಂಟ್ಯಾಕ್ಟ್, ಆ ಒಂದು ವೈರ್, ಆ ಒಂದು ಮೋಟರ್. ಗ್ಯಾರೇಜಿನವರು ಮೂರರಲ್ಲಿ ಒಂದನ್ನು ನೇರವಾಗಿ ಅಪರಾಧಿ ಮಾಡಿಬಿಟ್ಟಿದ್ದರು.

ಆಮೇಲೆ ಎಡಬಾಗಿಲಿನ ಡೋರ್ ಪ್ಯಾಡ್ ಬಿಚ್ಚಿದರು. ಹಿಡಿಯ ಹಿಂದೆ ಅಡಗಿರುವ ಸ್ಕ್ರೂ ತೆಗೆಯದೆ ಎಳೆದರೆ ಪ್ಯಾಡ್ ಒಡೆಯುತ್ತದೆ, ಕ್ಲಿಪ್ಪುಗಳೂ ಮುರಿಯುತ್ತವೆ. ಹಳದಿ ಬಣ್ಣದ ಕಪ್ಲರ್ ಕಂಡರೆ ಮುಟ್ಟಬೇಡ, ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು ಎಂದು ನನಗೆ ಮೊದಲೇ ಹೇಳಿದರು. ಕನ್ನಡಿಯ ಕಪ್ಲರ್ ಬಿಡಿಸಿ, ನನ್ನ ಕೈಗೆ ಮಲ್ಟಿಮೀಟರ್ ಕೊಟ್ಟು 20 ವೋಲ್ಟ್ ಡಿಸಿಗೆ ಇಡಿಸಿದರು. ಮಾಮೂ ಮೇಲಕ್ಕೆ ಒತ್ತಿದರು. ಮೀಟರ್ 12 ವೋಲ್ಟ್‌ಗೆ ಹತ್ತಿರ ತೋರಿಸಿತು. ಕೆಳಕ್ಕೆ ಒತ್ತಿದರೆ ಅಷ್ಟೇ, ಮುಂದೆ ಮೈನಸ್ ಗುರುತು.

'ಕರೆಂಟ್ ಬರುತ್ತಿದೆ! ಹಾಗಾದರೆ ಮೋಟರೇ ಹೋಗಿದೆ' ಎಂದೆ ನಾನು. ಮಾಮೂ ಮುಖ ಸಪ್ಪಗಾಯಿತು.

ಉಸ್ತಾದ್ ನಕ್ಕು, ಅದೇ ಜಾಗಕ್ಕೆ ಟೆಸ್ಟ್ ಲ್ಯಾಂಪ್ ಹಿಡಿದರು. ಹಳೆಯ 12 ವೋಲ್ಟ್ 3 ವ್ಯಾಟಿನ ಬಲ್ಬಿಗೆ ಎರಡು ವೈರ್ ಬೆಸೆದದ್ದು, ಅಷ್ಟೇ. ಮಾಮೂ ಒತ್ತಿದರು. ಬಲ್ಬ್ ಮಂಕಾಗಿ ಕೂಡ ಉರಿಯಲಿಲ್ಲ.

ಇದು ಹೇಗೆ ಸಾಧ್ಯ ಎಂದು ಮನೆಗೆ ಬಂದು ನಾನು ಲೆಕ್ಕ ಹಾಕಿದೆ. ಮೋಟರಿನ ರೋಧ 40 ಓಮ್ ಎಂದಿಟ್ಟುಕೊಳ್ಳಿ. ದಾರಿಯಲ್ಲಿ ಎಲ್ಲೋ ವೈರ್ ಕಿಲುಬು ಹಿಡಿದು ಅಲ್ಲಿ 200 ಓಮ್ ರೋಧ ಸೇರಿದೆ. ಒಟ್ಟು 240. ಆಗ ಹರಿಯುವ ಪ್ರವಾಹ 12 ಭಾಗಿಸು 240, ಅಂದರೆ 0.05 ಆಂಪಿಯರ್. ಕಿಲುಬು 10 ವೋಲ್ಟ್ ತಿಂದುಹಾಕುತ್ತದೆ, ಮೋಟರಿಗೆ ಉಳಿಯುವುದು 2 ವೋಲ್ಟ್ ಮಾತ್ರ. ಅದು ಎಲ್ಲಿ ತಿರುಗುತ್ತದೆ? ಮೀಟರಿನ ಕಥೆ ಬೇರೆ. ಡಿಜಿಟಲ್ ಮೀಟರಿನ ಒಳರೋಧ ಸಾಮಾನ್ಯವಾಗಿ 1 ಕೋಟಿ ಓಮ್. ಅದರ ಮುಂದೆ 200 ಓಮ್ ಏನೇನೂ ಅಲ್ಲ. ಅದಕ್ಕೇ ಮೀಟರ್ ಪೂರ್ತಿ 12 ತೋರಿಸುತ್ತದೆ. ಮೀಟರ್ ಸುಳ್ಳು ಹೇಳಲಿಲ್ಲ, ಹೊರೆ ಇಲ್ಲದಾಗ ಎಷ್ಟಿದೆ ಎಂದಷ್ಟೇ ಹೇಳಿತು. ನಮ್ಮ ತಾಳೆಪಟ್ಟಿಯೂ ಹೀಗೇ ಅಲ್ಲವೇ? ಎರಡೂ ಕಡೆ ಮೊತ್ತ ಸರಿಹೊಂದಿದ ಮಾತ್ರಕ್ಕೆ ಲೆಕ್ಕ ಸರಿ ಎಂದಲ್ಲ. ಪೂರ್ತಿ ಬರೆಯದೇ ಬಿಟ್ಟ ವ್ಯವಹಾರ ಅದರಲ್ಲಿ ಕಾಣುವುದೇ ಇಲ್ಲ.

ಹೊಸ ಗಾಡಿಗಳ ಬಗ್ಗೆ ಒಂದು ಎಚ್ಚರಿಕೆ. ಕೆಲವದರಲ್ಲಿ ಸ್ವಿಚ್ಚಿನಿಂದ ಕನ್ನಡಿಗೆ ನೇರ ಕರೆಂಟ್ ಹೋಗುವುದಿಲ್ಲ, ನಡುವೆ ಎಲೆಕ್ಟ್ರಾನಿಕ್ ಮಾಡ್ಯೂಲ್ ಇರುತ್ತದೆ. ಅಲ್ಲಿ ಬಲ್ಬ್ ಹಿಡಿದು ಪರೀಕ್ಷಿಸಲು ಹೋದರೆ ಮಾಡ್ಯೂಲ್ ಹಾಳಾಗಬಹುದು. ವೈರಿಂಗ್ ನಕ್ಷೆ ನೋಡಿಯೇ ಮುಟ್ಟಬೇಕು.

ಬಲ್ಬ್ ಉರಿಯಲಿಲ್ಲ, ಆದ್ದರಿಂದ ಮೋಟರ್ ಮೇಲೆ ಇನ್ನೂ ಆರೋಪವಿಲ್ಲ. ಆದರೂ ಅದನ್ನು ಬೇರೆಯಾಗಿ ನೋಡಿದರು. ಸಣ್ಣ ಫ್ಯೂಸ್ ಸೇರಿಸಿದ ಎರಡು ವೈರ್‌ಗಳನ್ನು ಬೇರೊಂದು ಬ್ಯಾಟರಿಯಿಂದ ತಂದು ಮೋಟರಿಗೆ ಕ್ಷಣಕಾಲ ತಾಗಿಸಿದರು. ಗಾಜು ಮೇಲೆದ್ದಿತು. ತಿರುಗಿಸಿ ತಾಗಿಸಿದರು, ಇಳಿಯಿತು. 6,800 ರೂಪಾಯಿ ಉಳಿದದ್ದು ಆ ಕ್ಷಣದಲ್ಲಿ. ಮಾಮೂ ಮೆಲ್ಲಗೆ 'ಅಲ್ಹಮ್ದುಲಿಲ್ಲಾಹ್' ಎಂದದ್ದು ನನಗೆ ಕೇಳಿಸಿತು.

ಮುಂದೆ ಸ್ವಿಚ್ಚಿನ ಹಿಂಭಾಗ. ಈ ಗಾಡಿಯಲ್ಲಿ ಸ್ವಿಚ್ ಇರುವುದು ಡ್ರೈವರ್ ಬಾಗಿಲಿನ ಮೇಲೆ. ಅಲ್ಲಿ ಅದೇ ಬಲ್ಬ್ ಝಗ್ ಎಂದು ಉರಿಯಿತು. ಸ್ವಿಚ್ಚೂ ನಿರಪರಾಧಿ. ಹಾಗಾದರೆ ಉಳಿದದ್ದು ವೈರ್ ಮಾತ್ರ. ಆದರೆ ವೈರ್ ಬಲಬಾಗಿಲಿನಿಂದ ಡ್ಯಾಶ್‌ಬೋರ್ಡಿನ ಹಿಂದೆ ಹಾದು ಎಡಬಾಗಿಲಿಗೆ ಹೋಗುತ್ತದೆ. ಅಷ್ಟು ಉದ್ದದಲ್ಲಿ ಎಲ್ಲಿ ಹುಡುಕುವುದು?

ನಮ್ಮ ಊರಿನಲ್ಲಿ ರೇಷ್ಮೆ ಬಿಚ್ಚುವ ಮನೆಗಳವರಿಗೆ ಇದು ಹೊಸದಲ್ಲ. ಎಳೆ ಕಡಿದರೆ ಅವರು ಇಡೀ ಗೂಡು ಬಿಚ್ಚುವುದಿಲ್ಲ, ತುದಿ ಎಲ್ಲಿರಬಹುದು ಎಂದು ಕೈಗೆ ಗೊತ್ತಿರುತ್ತದೆ. ವೈರ್ ಕಡಿಯುವುದು ಬಾಗುವ ಜಾಗದಲ್ಲಿ. ಬಾಗಿಲು ಮತ್ತು ಬಾಡಿಯ ನಡುವೆ ಕೀಲಿನ ಹತ್ತಿರ ರಬ್ಬರಿನ ಒಂದು ಕೊಳವೆ ಇರುತ್ತದೆ, ವೈರ್‌ಗಳೆಲ್ಲ ಅದರೊಳಗೆ ಹೋಗುತ್ತವೆ. ಬಾಗಿಲು ತೆಗೆದು ಹಾಕಿದ ಪ್ರತಿ ಸಲ ಅವು ಬಾಗುತ್ತವೆ. ವರ್ಷಗಟ್ಟಲೆ.

ಉಸ್ತಾದ್ ಎಡಗನ್ನಡಿಯ ಕಪ್ಲರಿಗೆ ಬಲ್ಬ್ ಕಟ್ಟಿ, ಮಾಮೂಗೆ ಸ್ವಿಚ್ ಒತ್ತಿ ಹಿಡಿಯಲು ಹೇಳಿ, ಎಡಬಾಗಿಲಿನ ರಬ್ಬರನ್ನು ಹಿಂಡಿ ಅಲುಗಾಡಿಸಿದರು. ಏನೂ ಇಲ್ಲ. ನಾನು ಆ ರಬ್ಬರ್ ಕೀಳಲು ಹೊರಟೆ. 'ನಿಲ್ಲು ಬೇಟಾ. ಯಾವ ಬಾಗಿಲು ಹೆಚ್ಚು ತೆಗೆಯುತ್ತಾರೆ?' ಎಂದು ಕೇಳಿದರು. ಟ್ಯಾಕ್ಸಿಯಲ್ಲಿ ಗಿರಾಕಿ ಕೂರುವುದು ಹಿಂದೆ. ಮುಂದಿನ ಎಡಬಾಗಿಲು ತೆಗೆಯುವುದು ಕಡಿಮೆ. ಡ್ರೈವರ್ ಬಾಗಿಲು ದಿನಕ್ಕೆ ಎಷ್ಟು ಸಲವೋ! ಅವರು ಈ ಕಡೆಗೆ ಬಂದು ಬಲಬಾಗಿಲಿನ ರಬ್ಬರನ್ನು ಹಿಂಡಿದರು. ಆ ಕಡೆ ನನ್ನ ಕೈಯಲ್ಲಿದ್ದ ಬಲ್ಬ್ ಮಿಣಮಿಣ ಎಂದಿತು.

ಕೆಟ್ಟದ್ದು ಎಡಗನ್ನಡಿ, ದೋಷ ಇದ್ದದ್ದು ಬಲಬಾಗಿಲಿನಲ್ಲಿ. ಸ್ವಿಚ್ ಬಲಬಾಗಿಲಿನಲ್ಲಿದ್ದರೆ ಎಡಗನ್ನಡಿಯ ವೈರ್‌ಗಳು ಎರಡೂ ಕೀಲುಗಳನ್ನು ದಾಟಬೇಕು ಎಂಬುದು ಯೋಚಿಸಿದರೆ ಸರಳ, ಆದರೆ ನನಗೆ ಹೊಳೆದೇ ಇರಲಿಲ್ಲ. ಸ್ವಿಚ್ ಡ್ಯಾಶ್‌ಬೋರ್ಡಿನಲ್ಲಿರುವ ಗಾಡಿಯಲ್ಲಾದರೆ ಹೀಗಾಗುವುದಿಲ್ಲ.

ರಬ್ಬರ್ ಸರಿಸಿ ನೋಡಿದರೆ ಒಂದು ವೈರಿನ ಸಿಪ್ಪೆ ಬಿರಿದು, ತಾಮ್ರದ ಎಳೆಗಳು ಕಡಿದು ಹಸಿರು ಪುಡಿಯಾಗಿದ್ದವು. ಮಳೆನೀರು ಸೇರಿದ ಗುರುತು. ಕೀ ತೆಗೆದು, ಬ್ಯಾಟರಿಯ ಮೈನಸ್ ಬಿಡಿಸಿ ಕೆಲಸ ಶುರುಮಾಡಿದರು. ಕಡಿದ ಜಾಗದಲ್ಲೇ ತಿರುಚಿ ಟೇಪ್ ಸುತ್ತಲಿಲ್ಲ. ಬಾಗುವ ಜಾಗದಲ್ಲಿ ಬೆಸುಗೆ ಹಾಕಿದರೆ ಬೆಸುಗೆಯ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ, ಟೇಪ್ ಬಿಸಿಲಿಗೆ ಅಂಟಂಟಾಗಿ ಬಿಡುತ್ತದೆ. ಕಿಲುಬಿಲ್ಲದ ತಾಮ್ರ ಸಿಗುವವರೆಗೆ ಎರಡೂ ಕಡೆ ಕತ್ತರಿಸಿ, ಅಷ್ಟೇ ದಪ್ಪದ, ಸಣ್ಣ ಸಣ್ಣ ಎಳೆಗಳಿರುವ ಮೆದು ವೈರ್ ತುಂಡೊಂದನ್ನು ಸೇರಿಸಿದರು. ಒಂದು ಬೆಸುಗೆ ಬಾಗಿಲಿನ ಒಳಗೆ ಬಂತು, ಇನ್ನೊಂದು ಬಾಡಿಯ ಒಳಗೆ. ಎರಡರ ಮೇಲೂ ಬಿಸಿ ಮಾಡಿದರೆ ಬಿಗಿಯುವ ಕೊಳವೆ. ರಬ್ಬರಿನೊಳಗೆ ಈಗ ಗಂಟಿಲ್ಲದ ವೈರ್ ಮಾತ್ರ ಇದೆ.

ವೈರ್, ಕೊಳವೆ, ಕೂಲಿ ಎಲ್ಲ ಸೇರಿ 450 ರೂಪಾಯಿ. ಅರ್ಧ ದಿನದ ಬಾಡಿಗೆ ಹೋಯಿತು, ಅದನ್ನೂ ವೆಚ್ಚಕ್ಕೆ ಸೇರಿಸಬೇಕೆಂದು ನಾನು ಹೇಳಿದಾಗ ಇಬ್ಬರೂ ನಕ್ಕರು. ಸಡಿಲವಾಗಿದ್ದ ಗಾಜಿನ ಹಿಡಿತವನ್ನೂ ಉಸ್ತಾದ್ ಬಿಗಿ ಮಾಡಿಕೊಟ್ಟರು. ಇನ್ನು ಮೇಲೆ ಕೈಯಿಂದ ಒತ್ತಬಾರದೆಂದು ಮಾಮೂಗೆ ಸ್ವಲ್ಪ ಬೈದರು ಕೂಡ.

ಕೊನೆಗೆ ಪರೀಕ್ಷೆ. ಮಾಮೂ ಹೊರಗೆ ನಿಂತು ಡ್ರೈವರ್ ಬಾಗಿಲನ್ನು ಇಪ್ಪತ್ತು ಸಲ ತೆಗೆದು ಹಾಕಿದರು, ನಾನು ಒಳಗೆ ಕೂತು ಪ್ರತಿ ಸಲ ಮೇಲೆ ಕೆಳಗೆ ಒತ್ತಿದೆ. ಇಪ್ಪತ್ತು ಸಲವೂ ಆಡಿತು. ಆಮೇಲೆ ಮಾಮೂ ಕೂತು ಕನ್ನಡಿ ಹೊಂದಿಸಿಕೊಂಡರು, ತಮ್ಮ ಗಾಡಿಯ ಪಕ್ಕ ಒಂದು ಸಣ್ಣ ಪಟ್ಟಿಯಷ್ಟು ಕಾಣುವಂತೆ, ಉಳಿದದ್ದೆಲ್ಲ ರಸ್ತೆ. ಎಡಗನ್ನಡಿ ಪೀನ ದರ್ಪಣವಾದ್ದರಿಂದ ಅದರಲ್ಲಿ ಸಣ್ಣದಾಗಿ, ದೂರದಲ್ಲಿರುವಂತೆ ಕಾಣುವ ಸ್ಕೂಟರ್ ನಿಜಕ್ಕೂ ಹತ್ತಿರವೇ ಇರುತ್ತದೆ. ನನ್ನನ್ನು ಗಾಡಿಯ ಎಡಗಡೆ ಹಿಂದಕ್ಕೆ ನಡೆಯಲು ಹೇಳಿದರು. ಹಿಂದಿನ ಬಾಗಿಲಿನ ಪಕ್ಕ ಒಂದು ಜಾಗದಲ್ಲಿ, 'ಇಲ್ಲಿ ಕಾಣುತ್ತಿಲ್ಲ' ಎಂದು ಕೂಗಿದರು. ಕನ್ನಡಿ ಸರಿಯಾಗಿದ್ದರೂ ಆ ಒಂದು ಜಾಗ ಕಾಣುವುದಿಲ್ಲ. ಕಾಲೇಜಿಗೆ ಸ್ಕೂಟರಿನಲ್ಲಿ ಬರುವವರು ಒಮ್ಮೆ ನಿಂತ ಕಾರಿನ ಪಕ್ಕ ನಿಂತು ನೋಡಿ, ಆ ಜಾಗ ಎಲ್ಲಿದೆ ಎಂದು ಗೊತ್ತಾಗುತ್ತದೆ.