ರೀಡ್ರೈವರ್ ಚಿಪ್‌ನ ರಿಜಿಸ್ಟರುಗಳು: ಸಣ್ಣ ಉತ್ಪಾದಕರು ಇಡಬೇಕಾದ ಲೆಕ್ಕ

ಕೋಲಾರ ಜಿಲ್ಲೆಯ ಉದ್ಯಮಿಗಳಿಗೆ ಎಲೆಕ್ಟ್ರಾನಿಕ್ಸ್ ಇಂದು ದೂರದ ವಿಷಯವಲ್ಲ. ನರಸಾಪುರದಲ್ಲಿ ವಿಸ್ಟ್ರಾನ್ ಸಂಸ್ಥೆಯು 2020ರಲ್ಲಿ ಐಫೋನ್ ಜೋಡಣೆಯನ್ನು ಆರಂಭಿಸಿತು. 2023ರಲ್ಲಿ ಆ ಕಾರ್ಖಾನೆಯನ್ನು ಟಾಟಾ ಎಲೆಕ್ಟ್ರಾನಿಕ್ಸ್ ಕೊಳ್ಳುವ ಒಪ್ಪಂದವಾಯಿತು. ದೊಡ್ಡ ಕಾರ್ಖಾನೆಗಳಲ್ಲಿ ಪ್ರತ್ಯೇಕ ತಾಂತ್ರಿಕ ವಿಭಾಗವಿರುತ್ತದೆ. ಸಣ್ಣ ಘಟಕದಲ್ಲಿ ಖರೀದಿ, ತಯಾರಿಕೆ, ಲೆಕ್ಕ ಇವು ಮೂರನ್ನೂ ಬಹುಮಟ್ಟಿಗೆ ಮಾಲೀಕರೇ ನೋಡಿಕೊಳ್ಳಬೇಕಾಗುತ್ತದೆ. ಆದುದರಿಂದ ಖರೀದಿ ಪಟ್ಟಿಯಲ್ಲಿ ಕೇವಲ ಒಂದು ಸಾಲಾಗಿ ಕಾಣುವ ರೀಡ್ರೈವರ್ ಚಿಪ್ ಏನು ಮಾಡುತ್ತದೆ, ಅದನ್ನು ಹೊಂದಿಸುವ ವೆಚ್ಚವನ್ನು ಹೇಗೆ ಎಣಿಸಬೇಕು ಎಂಬುದನ್ನು ಅವರು ಅರಿತಿರುವುದು ಅಗತ್ಯ.

ರೀಡ್ರೈವರ್‌ನ ಕೆಲಸ

ಶ್ರೀನಿವಾಸಪುರದ ಮಾವಿನ ಹಣ್ಣನ್ನು ಗಾತ್ರ ಮತ್ತು ಬಣ್ಣಕ್ಕನುಗುಣವಾಗಿ ವಿಂಗಡಿಸುವ ಯಂತ್ರಕ್ಕೆ ಮಾಲೂರಿನ ಘಟಕವೊಂದು ಬೋರ್ಡು ತಯಾರಿಸುತ್ತದೆಂದು ಉದಾಹರಣೆಗಾಗಿ ಭಾವಿಸೋಣ. ಕ್ಯಾಮೆರಾದ ಚಿತ್ರಗಳು ಯುಎಸ್‌ಬಿ 3.0 ಕೇಬಲ್ ಮೂಲಕ ಕಂಪ್ಯೂಟರಿಗೆ ತಲಪಬೇಕು. ಇದರ ವೇಗ ಸೆಕೆಂಡಿಗೆ 500 ಕೋಟಿ ಬಿಟ್. ಒಂದೊಂದು ಬಿಟ್‌ಗೆ ದೊರೆಯುವ ಕಾಲ 200 ಪಿಕೋಸೆಕೆಂಡ್ ಮಾತ್ರ. ಈ ವೇಗದಲ್ಲಿ ಕೇಬಲ್ಲಿನ ತಾಮ್ರವೂ ಬೋರ್ಡಿನ ಪದರವೂ ಸಂಕೇತದ ಶಕ್ತಿಯನ್ನು ಹೀರಿಕೊಳ್ಳುತ್ತವೆ. ಶೀಘ್ರವಾಗಿ ಬದಲಾಗುವ ಭಾಗವು ಹೆಚ್ಚು ಕುಗ್ಗುತ್ತದೆ, ನಿಧಾನವಾಗಿ ಬದಲಾಗುವ ಭಾಗವು ಕಡಿಮೆ ಕುಗ್ಗುತ್ತದೆ. 6 ಡೆಸಿಬಲ್ ನಷ್ಟವೆಂದರೆ ಸಂಕೇತದ ಎತ್ತರ ಸುಮಾರು ಅರ್ಧಕ್ಕೆ ಇಳಿದಂತೆ; 20 ಡೆಸಿಬಲ್ ಎಂದರೆ ಹತ್ತರಲ್ಲಿ ಒಂದು ಪಾಲು ಉಳಿದಂತೆ.

ರೀಡ್ರೈವರ್ ಈ ಕೊರತೆಯನ್ನು ತುಂಬುತ್ತದೆ. ಅದರ ಈಕ್ವಲೈಸರ್ ಹೆಚ್ಚು ಕುಗ್ಗಿದ ಭಾಗವನ್ನು ಹೆಚ್ಚಾಗಿ ಎತ್ತಿ ಕೊಡುತ್ತದೆ. ಆದರೆ ಅದು ಸಂಕೇತವನ್ನು ಓದಿ ಹೊಸದಾಗಿ ಬರೆಯುವುದಿಲ್ಲ. ಆ ಕೆಲಸ ರೀಟೈಮರ್ ಎಂಬ ಬೇರೆ ಚಿಪ್‌ನದು. ಸಂಕೇತದೊಡನೆ ಬಂದ ಗದ್ದಲವನ್ನೂ ರೀಡ್ರೈವರ್ ಎತ್ತಿಬಿಡುತ್ತದೆ. ಆದ್ದರಿಂದ ಈಕ್ವಲೈಸರ್ ಮಟ್ಟ ಕಡಿಮೆಯಾದರೂ ತೊಂದರೆ, ಹೆಚ್ಚಾದರೂ ತೊಂದರೆ.

ರಿಜಿಸ್ಟರ್ ತುಂಬುವ ಕ್ರಮ

ಈ ಮಟ್ಟವನ್ನು ನಿರ್ಧರಿಸುವುದು ಚಿಪ್‌ನೊಳಗಿನ ರಿಜಿಸ್ಟರುಗಳು. ವ್ಯಾಪಾರಿಗೆ ಸರಕಿನ ರಿಜಿಸ್ಟರ್ ಪರಿಚಿತ. ಚಿಪ್‌ನ ರಿಜಿಸ್ಟರನ್ನು 8 ಅಂಕಣಗಳ ಒಂದು ಸಾಲೆಂದು ತಿಳಿಯಬಹುದು. ಪ್ರತಿ ಅಂಕಣದಲ್ಲಿ 0 ಅಥವಾ 1 ಮಾತ್ರ ಇರುತ್ತದೆ. ಒಟ್ಟು ಮೌಲ್ಯ 0ಯಿಂದ 255ರವರೆಗೆ. ಬೋರ್ಡಿನ ಮೈಕ್ರೋಕಂಟ್ರೋಲರ್ ಐ2ಸಿ ಎಂಬ ಎರಡು ತಂತಿಗಳ ಸಂಪರ್ಕದ ಮೂಲಕ ಇದನ್ನು ಬರೆಯುತ್ತದೆ. ಇಲ್ಲಿ ಗಮನಿಸಬೇಕಾದ ಅಂಶಗಳು ನಾಲ್ಕು:

1. ಪಿನ್ ಮತ್ತು ರಿಜಿಸ್ಟರ್: ಹಲವು ಚಿಪ್‌ಗಳು ಪಿನ್ನುಗಳಿಂದಲೂ ಮಟ್ಟವನ್ನು ಪಡೆಯುತ್ತವೆ. 1985ರಿಂದ ಬೆಂಗಳೂರಿನಲ್ಲಿ ಕೇಂದ್ರ ಹೊಂದಿರುವ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಟಿಯುಎಸ್‌ಬಿ1046 ಚಿಪ್‌ನಲ್ಲಿ ಇದಕ್ಕಾಗಿಯೇ ಒಂದು ಬಿಟ್ ಇದೆ. ಅದನ್ನು 1 ಮಾಡುವವರೆಗೆ ಈಕ್ವಲೈಸರ್ ರಿಜಿಸ್ಟರಿನಲ್ಲಿ ಏನು ಬರೆದರೂ ಪಿನ್ನಿನ ಮಾತೇ ನಡೆಯುತ್ತದೆ.

2. ಅಂಕಿ ಬರೆಯುವ ಪದ್ಧತಿ: ಮಾಹಿತಿ ಪತ್ರಿಕೆಯ ಅಂಕಿಗಳು ಸಾಮಾನ್ಯವಾಗಿ 16ರ ಆಧಾರದ ಹೆಕ್ಸ್ ಪದ್ಧತಿಯಲ್ಲಿರುತ್ತವೆ. ಹೆಕ್ಸ್ 10 ಎಂದರೆ 16, ಬಿಟ್‌ಗಳಲ್ಲಿ 00010000. ಅದನ್ನು ಸಾಮಾನ್ಯ 10 ಎಂದು ಬರೆದರೆ 00001010 ಆಗುತ್ತದೆ. ಬೇಕಾದ ಬಿಟ್ 0 ಆಗಿಯೇ ಉಳಿದು, ಬೇಡದ ಎರಡು ಬಿಟ್‌ಗಳು 1 ಆಗುತ್ತವೆ.

3. ಉಳಿದ ಅಂಕಣಗಳ ರಕ್ಷಣೆ: ಒಂದೇ ರಿಜಿಸ್ಟರಿನಲ್ಲಿ ಹಲವು ವಿಷಯಗಳಿರುತ್ತವೆ. ಮೊದಲು ಓದಿ, ಬೇಕಾದ ಬಿಟ್ ಮಾತ್ರ ತಿದ್ದಿ, ಬರೆದು, ಮತ್ತೆ ಓದಿ ತಾಳೆ ನೋಡಬೇಕು.

4. ವಿದ್ಯುತ್ ಕಡಿತ: ಸಾಮಾನ್ಯವಾಗಿ ಈ ರಿಜಿಸ್ಟರುಗಳ ಬರಹ ವಿದ್ಯುತ್ ಹೋದೊಡನೆ ಅಳಿಸಿಹೋಗುತ್ತದೆ. ಯಂತ್ರ ಚಾಲೂ ಆದಾಗಲೆಲ್ಲ ಅದನ್ನು ಪುನಃ ತುಂಬುವ ವ್ಯವಸ್ಥೆ ಇರಬೇಕು.

ಮಟ್ಟವನ್ನು ಕೆಳಗಿನಿಂದ ಒಂದೊಂದೇ ಹಂತ ಏರಿಸುತ್ತಾ ದೋಷಗಳನ್ನು ಎಣಿಸಬೇಕು. 3ರಿಂದ 9ರವರೆಗೆ ದೋಷ ಕಾಣದಿದ್ದರೆ 6ನ್ನು ಆರಿಸುವುದು ವಿವೇಕ. ಕೆಲಸ ಮಾಡಿದ ಮೊದಲ ಹಂತವೆಂದು 3ರಲ್ಲೇ ನಿಂತರೆ, ಕೇಬಲ್ ಸ್ವಲ್ಪ ಬದಲಾದರೂ ಯಂತ್ರ ತಪ್ಪತೊಡಗಬಹುದು. ಅತಿ ಉದ್ದದ ಮತ್ತು ಅತಿ ಗಿಡ್ಡ ಕೇಬಲ್, ಹಲವು ಬೋರ್ಡುಗಳು, ಬೇಸಗೆಯ ಬಿಸಿ ಇವೆಲ್ಲದರಲ್ಲಿಯೂ ಪರೀಕ್ಷೆ ನಡೆಯಬೇಕು.

ಪರ್ಯಾಯ ಚಿಪ್‌ನ ಲೆಕ್ಕ

ಹೀಗೆ ದೊರೆತ ಮೌಲ್ಯವು ಚಿಪ್, ಬೋರ್ಡು, ಕೇಬಲ್ ಈ ಮೂರೂ ಸೇರಿದ ಜೋಡಣೆಗೆ ಸಲ್ಲುತ್ತದೆ. ಮೂರರಲ್ಲಿ ಒಂದು ಬದಲಾದರೂ ಹಳೆಯ ಮೌಲ್ಯವನ್ನು ನಂಬುವಂತಿಲ್ಲ. 2021ರ ಚಿಪ್ ಕೊರತೆಯ ಕಾಲದಲ್ಲಿ ಪರ್ಯಾಯ ಚಿಪ್‌ಗಳನ್ನು ಹುಡುಕುವುದು ಅನಿವಾರ್ಯವಾಗಿತ್ತು. ಈಗಲೂ ಬೆಲೆ ಕಡಿಮೆಯೆಂದು ಬದಲಿಸುವ ಆಸೆ ಸಹಜ. ಪಿನ್ನುಗಳು ಒಂದೇ ಆಗಿದ್ದರೂ ರಿಜಿಸ್ಟರುಗಳ ವ್ಯವಸ್ಥೆ ಬೇರೆಯಾಗಿರಬಹುದು.

ಲೆಕ್ಕಕ್ಕಾಗಿ ಕೆಲವು ಅಂಕಿಗಳನ್ನು ಊಹಿಸೋಣ. ಪರೀಕ್ಷೆಗೆ ಇಂಜಿನಿಯರ್ ಮತ್ತು ಉಪಕರಣದ ಬಾಡಿಗೆ ಸೇರಿ ರೂ. 40,000, ಆದೇಶ 200 ಬೋರ್ಡು. ಪರ್ಯಾಯ ಚಿಪ್‌ನಿಂದ ತಲಾ ರೂ. 25 ಉಳಿತಾಯ. ಉಳಿದದ್ದು ರೂ. 5,000, ಮರುಪರೀಕ್ಷೆಯ ಖರ್ಚು ರೂ. 40,000. ಈ ಖರ್ಚು ಮರಳಬೇಕಾದರೆ 1,600 ಬೋರ್ಡುಗಳು ಮಾರಾಟವಾಗಬೇಕು. ಮರುಪರೀಕ್ಷೆಯನ್ನು ಬಿಟ್ಟರೆ ಖರ್ಚು ತಪ್ಪಿತೆಂದು ತೋರುತ್ತದೆ. ಆದರೆ ಮಾವಿನ ಸುಗ್ಗಿಯ ನಡುವೆ ಯಂತ್ರ ನಿಂತರೆ ಹಣ್ಣು ಕಾಯುವುದಿಲ್ಲ, ಗ್ರಾಹಕರೂ ಮುಂದಿನ ವರ್ಷಕ್ಕೆ ಉಳಿಯುವುದಿಲ್ಲ.

ತಿರಸ್ಕೃತ ಮಾಲಿನ ಭಾರ ಲೆಕ್ಕಪತ್ರದ ಮೇಲೂ ಬೀಳುತ್ತದೆ. ಲೆಕ್ಕಪತ್ರ ಮಾನಕ 2ರ ಪ್ರಕಾರ ಅಸಾಮಾನ್ಯ ಪ್ರಮಾಣದ ವ್ಯರ್ಥವನ್ನು ದಾಸ್ತಾನಿನ ಬೆಲೆಗೆ ಸೇರಿಸುವಂತಿಲ್ಲ. ಅದನ್ನು ಆ ವರ್ಷದ ಖರ್ಚೆಂದೇ ತೋರಿಸಬೇಕು. ನಾಶವಾದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿನ ಮೇಲಿನ ಹೂಡುವಳಿ ತೆರಿಗೆ ಜಮೆಯೂ ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)ನೇ ಕಲಮಿನಂತೆ ದೊರೆಯುವುದಿಲ್ಲ.

ಇಡಬೇಕಾದ ದಾಖಲೆ

ಪ್ರತಿ ಮಾದರಿಯ ಬೋರ್ಡಿಗೂ ಒಂದು ಪುಟವನ್ನು ಮೀಸಲಿಡಬೇಕು. ಚಿಪ್‌ನ ಪೂರ್ಣ ಸಂಖ್ಯೆ, ಬೋರ್ಡಿನ ಆವೃತ್ತಿ, ಕೇಬಲ್ಲಿನ ತಯಾರಿಕೆ ಮತ್ತು ಉದ್ದ, ಪ್ರತಿ ರಿಜಿಸ್ಟರಿನ ವಿಳಾಸ ಹಾಗೂ ಹೆಕ್ಸ್ ಮೌಲ್ಯ, ದೋಷವಿಲ್ಲದೆ ನಡೆದ ಮಟ್ಟಗಳ ವ್ಯಾಪ್ತಿ, ಪರೀಕ್ಷೆಯ ದಿನಾಂಕ, ಪರೀಕ್ಷಿಸಿದವರ ಸಹಿ ಇಷ್ಟೂ ಅದರಲ್ಲಿರಬೇಕು. ಖರೀದಿ ಆದೇಶದಲ್ಲಿ ‘ಲಿಖಿತ ಒಪ್ಪಿಗೆಯಿಲ್ಲದೆ ಪರ್ಯಾಯ ಸಲ್ಲದು’ ಎಂಬ ಷರತ್ತನ್ನು ಸೇರಿಸಬೇಕು. ಚಿಪ್ ಮಾರುವ ವ್ಯಾಪಾರಿಯೂ ಬದಲಿ ಮಾಲು ಕಳುಹಿಸುವ ಮುನ್ನ ಈ ಒಪ್ಪಿಗೆಯನ್ನು ಪಡೆಯುವುದು ಇಬ್ಬರಿಗೂ ಕ್ಷೇಮ.

ದಾಖಲೆ ಇದ್ದರೆ ರೂ. 40,000ದ ಪರೀಕ್ಷಾವೆಚ್ಚವು ಮೊದಲ 200 ಬೋರ್ಡುಗಳಿಗೆ ತಲಾ ರೂ. 200 ಬೀಳುತ್ತದೆ, ಅದೇ ಜೋಡಣೆಯಲ್ಲಿ 1,000 ಬೋರ್ಡುಗಳಾದಾಗ ತಲಾ ರೂ. 40ಕ್ಕೆ ಇಳಿಯುತ್ತದೆ. ಪರೀಕ್ಷಿಸಿದ ಇಂಜಿನಿಯರ್ ಕೆಲಸ ಬಿಟ್ಟುಹೋಗಿ ಪುಟವೂ ಇಲ್ಲವಾದರೆ ಅದೇ ಹಣವನ್ನು ಎರಡನೆಯ ಬಾರಿ ತೆರಬೇಕಾಗುತ್ತದೆ.