ತಂತಿಯಿಲ್ಲದ ಧ್ವನಿವರ್ಧಕವೂ ಲಿನಕ್ಸ್ ಗಣಕವೂ

ತಂತಿಯ ನಂಟಿಲ್ಲದೆ ಹಾಡುವ ಪುಟ್ಟ ಧ್ವನಿವರ್ಧಕಗಳು ಇಂದು ವಿದ್ಯಾರ್ಥಿನಿಲಯದ ಕೋಣೆಗಳಲ್ಲಿಯೂ ಮನೆಯ ಪಡಸಾಲೆಗಳಲ್ಲಿಯೂ ಸಾಮಾನ್ಯವಾಗಿವೆ. ಮೊಬೈಲ್ ಫೋನಿನೊಡನೆ ಇವು ಕ್ಷಣಮಾತ್ರದಲ್ಲಿ ಹೊಂದಿಕೊಳ್ಳುತ್ತವೆ. ಆದರೆ ಲಿನಕ್ಸ್ ವ್ಯವಸ್ಥೆಯುಳ್ಳ ಮೇಜಿನ ಗಣಕಕ್ಕೆ ಇವನ್ನು ಜೋಡಿಸಹೊರಟಾಗ ಕೆಲವೊಮ್ಮೆ ವಿಚಿತ್ರವಾದ ಸಮಸ್ಯೆಯೊಂದು ಎದುರಾಗುತ್ತದೆ. ತೆರೆಯ ಮೇಲೆ ‘ಸಂಪರ್ಕವಾಗಿದೆ’ ಎಂಬ ಬರೆಹ ಕಾಣುತ್ತದೆ. ಧ್ವನಿವರ್ಧಕವೂ ತನ್ನ ದೀಪವನ್ನು ಬೆಳಗಿಸಿ ಒಪ್ಪಿಗೆ ಸೂಚಿಸುತ್ತದೆ. ಶಬ್ದ ಮಾತ್ರ ಹೊರಡುವುದಿಲ್ಲ.

ಇಂಥ ಸಮಯದಲ್ಲಿ ಅನೇಕರು ಯಾರೋ ಹೇಳಿಕೊಟ್ಟ ಆಜ್ಞೆಗಳನ್ನು ಮಂತ್ರದಂತೆ ಒಂದಾದಮೇಲೊಂದು ಟೈಪು ಮಾಡುತ್ತಾರೆ. ಅವುಗಳಲ್ಲಿ ಒಂದು ಫಲಿಸಿದರೂ ಯಾವುದು ಫಲಿಸಿತು, ಏಕೆ ಫಲಿಸಿತು ಎಂಬುದು ತಿಳಿಯುವುದಿಲ್ಲ. ಯಾವುದೂ ಫಲಿಸದಿದ್ದರೆ ‘ಈ ವ್ಯವಸ್ಥೆಯೇ ಸರಿಯಿಲ್ಲ’ ಎಂದು ಅದನ್ನು ಅಳಿಸಿಹಾಕುವವರೂ ಉಂಟು. ಶಬ್ದವು ಗಣಕದಿಂದ ಹೊರಟು ಕಿವಿಯನ್ನು ಮುಟ್ಟುವವರೆಗೆ ಯಾವ ಯಾವ ಹಂತಗಳನ್ನು ದಾಟುತ್ತದೆ ಎಂಬುದನ್ನು ಅರಿತರೆ ಈ ತೊಡಕು ತಾನಾಗಿ ಬಿಡಿಸಿಕೊಳ್ಳುತ್ತದೆ. ಆ ಹಾದಿಯನ್ನು ನಾವು ಈಗ ಹಂತಹಂತವಾಗಿ ಪರಿಶೀಲಿಸೋಣ.

ಅಲೆಯ ಸ್ವರೂಪ

ಗಣಕದಿಂದ ಧ್ವನಿವರ್ಧಕಕ್ಕೆ ಹೋಗುವುದು ಶಬ್ದದ ಅಲೆಯಲ್ಲ, ರೇಡಿಯೋ ಅಲೆ. ಆಕಾಶವಾಣಿಯ ಕಾರ್ಯಕ್ರಮಗಳನ್ನು ಹೊತ್ತು ತರುವ ಅಲೆಗಳ ಜಾತಿಗೇ ಇದೂ ಸೇರಿದ್ದು. ಆದರೆ ಇದರ ಆವೃತ್ತಿ ಬಹಳ ಹೆಚ್ಚು. ಬ್ಲೂಟೂತ್ ಉಪಕರಣಗಳು 2,402ರಿಂದ 2,480 ಮೆಗಾಹರ್ಟ್ಸ್ ವರೆಗಿನ ಪಟ್ಟಿಯಲ್ಲಿ ಕೆಲಸ ಮಾಡುತ್ತವೆ. ಎಂದರೆ ಸೆಕೆಂಡಿಗೆ ಸುಮಾರು 245 ಕೋಟಿ ಕಂಪನಗಳು. ಬೆಳಕಿನ ವೇಗವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ತರಂಗದೂರ ಸುಮಾರು 12 ಸೆಂಟಿಮೀಟರ್ ಎಂದು ದೊರೆಯುತ್ತದೆ. ನಮ್ಮ ಅಂಗೈಯ ಅಗಲಕ್ಕಿಂತ ತುಸು ಹೆಚ್ಚು, ಅಷ್ಟೆ.

ಈ ಉಪಕರಣಗಳ ಶಕ್ತಿ ಅತ್ಯಲ್ಪ. ಎರಡನೆಯ ದರ್ಜೆಯವು ಎಂದು ಕರೆಯಲ್ಪಡುವ ಬಹುಸಂಖ್ಯೆಯ ಉಪಕರಣಗಳು ಹೊರಸೂಸುವುದು ಹೆಚ್ಚೆಂದರೆ 2.5 ಮಿಲಿವಾಟ್. ಇವುಗಳ ವ್ಯಾಪ್ತಿ ಸುಮಾರು 10 ಮೀಟರ್. ಬಯಲಿನಲ್ಲಿ ದೂರ ಎರಡರಷ್ಟಾದರೆ ತಲುಪುವ ತೀವ್ರತೆ ನಾಲ್ಕರಲ್ಲೊಂದಾಗುತ್ತದೆ ಎಂಬ ವಿಲೋಮ ವರ್ಗ ನಿಯಮವನ್ನು ವಿದ್ಯಾರ್ಥಿಗಳು ಬಲ್ಲರು. ಇದಲ್ಲದೆ ನೀರು ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ಮನುಷ್ಯನ ಶರೀರದ ಬಹುಭಾಗ ನೀರೇ ಆದ್ದರಿಂದ ಗಣಕಕ್ಕೂ ಧ್ವನಿವರ್ಧಕಕ್ಕೂ ನಡುವೆ ಒಬ್ಬರು ನಿಂತರೂ ಹಾಡು ತುಂಡಾಗುವುದುಂಟು.

ನೆಗೆಯುವ ಆವೃತ್ತಿ

2,450 ಮೆಗಾಹರ್ಟ್ಸಿನ ಆಸುಪಾಸು ಬಹಳ ಜನಸಂದಣಿಯ ಬೀದಿ. ವೈಫೈ ಜಾಲಗಳೂ ಅಡುಗೆಮನೆಯ ಮೈಕ್ರೋವೇವ್ ಒಲೆಗಳೂ ಅಲ್ಲಿಯೇ ಸಂಚರಿಸುತ್ತವೆ. ಈ ಗದ್ದಲದ ನಡುವೆ ಕ್ಷೀಣವಾದ ಅಲೆಯೊಂದು ತನ್ನ ಸಂದೇಶವನ್ನು ಹೇಗೆ ಉಳಿಸಿಕೊಳ್ಳುತ್ತದೆ?

ಉತ್ತರ ಸ್ವಾರಸ್ಯಕರವಾಗಿದೆ. ಬ್ಲೂಟೂತ್ ಒಂದೇ ಆವೃತ್ತಿಯಲ್ಲಿ ನಿಲ್ಲುವುದಿಲ್ಲ. ತನ್ನ ಪಟ್ಟಿಯನ್ನು 79 ಕಾಲುವೆಗಳಾಗಿ ವಿಂಗಡಿಸಿಕೊಂಡು ಒಂದರಿಂದೊಂದಕ್ಕೆ ಸೆಕೆಂಡಿಗೆ 1,600 ಬಾರಿಯವರೆಗೆ ನೆಗೆಯುತ್ತಿರುತ್ತದೆ. ನೆಗೆತದ ಕ್ರಮವು ಗಣಕಕ್ಕೂ ಧ್ವನಿವರ್ಧಕಕ್ಕೂ ಮೊದಲೇ ಗೊತ್ತಿರುವುದರಿಂದ ಎರಡೂ ಕೂಡಿಯೇ ನೆಗೆಯುತ್ತವೆ. ಒಂದು ಕಾಲುವೆಯಲ್ಲಿ ಗದ್ದಲವಿದ್ದರೆ ಅಲ್ಲಿ ನಷ್ಟವಾದ ತುಣುಕನ್ನು ಮುಂದಿನ ಕಾಲುವೆಯಲ್ಲಿ ಮತ್ತೆ ಕಳುಹಿಸಬಹುದು. 2003ರ ಅನಂತರದ ಉಪಕರಣಗಳು ಗದ್ದಲದ ಕಾಲುವೆಗಳನ್ನು ಗುರುತಿಸಿ ಅವುಗಳನ್ನು ಬಿಟ್ಟೇ ನೆಗೆಯಬಲ್ಲವು. ಒಂದು ಕಾಲಾಂಶದ ಅವಧಿ 625 ಮೈಕ್ರೋಸೆಕೆಂಡ್. ಅದು ಎಷ್ಟು ಅಲ್ಪ ಕಾಲವೆಂದು ತೋರುತ್ತದೆ! ಆದರೂ ಅಷ್ಟರಲ್ಲಿ ಬೆಳಕು 187 ಕಿಲೋಮೀಟರ್ ಸಾಗಿ ಬೆಂಗಳೂರಿನಿಂದ ಮೈಸೂರನ್ನು ದಾಟಿ ಹೋಗಿರುತ್ತದೆ. ಕೋಣೆಯೊಳಗಿನ ಪಯಣಕ್ಕೆ ಇದು ಧಾರಾಳವಾದ ಸಮಯ.

ಆವೃತ್ತಿಯನ್ನು ಬದಲಿಸುತ್ತ ಸಂದೇಶ ಕಳುಹಿಸುವ ತತ್ತ್ವ ಹಳೆಯದು. ಚಲನಚಿತ್ರ ನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ ಇವರು ಟಾರ್ಪಿಡೋಗಳ ನಿಯಂತ್ರಣಕ್ಕಾಗಿ ಇಂಥದೇ ಏರ್ಪಾಡೊಂದಕ್ಕೆ 1942ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದರು. ಅದರಲ್ಲಿ ಪಿಯಾನೋವಿನ ಮನೆಗಳಷ್ಟೇ, ಎಂದರೆ 88 ಆವೃತ್ತಿಗಳಿದ್ದುವು. ಬ್ಲೂಟೂತ್ ರೂಪುಗೊಂಡದ್ದು 1994ರಿಂದೀಚೆಗೆ, ಸ್ವೀಡನ್ನಿನ ಎರಿಕ್ಸನ್ ಸಂಸ್ಥೆಯಲ್ಲಿ. ಅದರ ಹೆಸರು ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡ್ ಬ್ಲೂಟೂತನದು.

ಶಬ್ದವನ್ನು ಹಿಂಡುವ ಬಗೆ

ಸಿ.ಡಿ. ತಟ್ಟೆಯ ಗುಣಮಟ್ಟದ ಸಂಗೀತದಲ್ಲಿ ಸೆಕೆಂಡಿಗೆ 44,100 ಬಾರಿ ಶಬ್ದವನ್ನು ಅಳೆದು, ಪ್ರತಿಯೊಂದು ಅಳತೆಯನ್ನೂ 16 ಬಿಟ್ಟುಗಳಲ್ಲಿ ಬರೆದಿರುತ್ತಾರೆ. ಎಡಬಲಗಳೆರಡನ್ನೂ ಸೇರಿಸಿದರೆ ಸೆಕೆಂಡಿಗೆ 14,11,200 ಬಿಟ್ಟುಗಳಾಗುತ್ತವೆ. ಬ್ಲೂಟೂತಿನ ಮೂಲ ವಿಧಾನದಲ್ಲಿ ಗಾಳಿಯ ಮೂಲಕ ಸೆಕೆಂಡಿಗೆ ಸಾಗಬಲ್ಲುದು 10 ಲಕ್ಷ ಬಿಟ್ಟುಗಳು ಮಾತ್ರ. ಹದಿನಾಲ್ಕು ಸೇರು ಧಾನ್ಯವನ್ನು ಹತ್ತು ಸೇರಿನ ಚೀಲದಲ್ಲಿ ತುಂಬಲಾದೀತೆ?

ಆದುದರಿಂದ ಶಬ್ದವನ್ನು ಹಿಂಡಬೇಕಾಗುತ್ತದೆ. ಎಲ್ಲ ಬ್ಲೂಟೂತ್ ಧ್ವನಿವರ್ಧಕಗಳಿಗೂ ತಿಳಿದಿರಲೇಬೇಕಾದ ಹಿಂಡುವ ವಿಧಾನಕ್ಕೆ ಎಸ್‌ಬಿಸಿ ಎಂದು ಹೆಸರು. ಇದು ಶಬ್ದವನ್ನು ತಗ್ಗಿನಿಂದ ತಾರದವರೆಗೆ ನಾಲ್ಕು ಅಥವಾ ಎಂಟು ಪಟ್ಟಿಗಳಾಗಿ ಸೀಳಿ, ಶಕ್ತಿ ಹೆಚ್ಚಿರುವ ಪಟ್ಟಿಗೆ ಹೆಚ್ಚು ಬಿಟ್ಟುಗಳನ್ನೂ ಕಡಿಮೆಯಿರುವುದಕ್ಕೆ ಕಡಿಮೆ ಬಿಟ್ಟುಗಳನ್ನೂ ಹಂಚುತ್ತದೆ. ಉತ್ತಮ ಗುಣಮಟ್ಟದಲ್ಲಿ ಇದರ ಫಲ ಸೆಕೆಂಡಿಗೆ ಸುಮಾರು 3,28,000 ಬಿಟ್ಟುಗಳು. ಮೂಲದ ಕಾಲುಭಾಗಕ್ಕಿಂತಲೂ ಕಡಿಮೆ.

ಸಂಗೀತವನ್ನು ಒಂದೇ ದಿಕ್ಕಿನಲ್ಲಿ ಸಾಗಿಸುವ ಈ ಏರ್ಪಾಡಿನ ಹೆಸರು ಎ2ಡಿಪಿ. ಮಾತಾಡಲೂ ಕೇಳಲೂ ಒದಗುವ ಇನ್ನೊಂದು ಏರ್ಪಾಡು ಎಚ್‌ಎಫ್‌ಪಿ. ಇದರ ಹಳೆಯ ರೂಪದಲ್ಲಿ ಶಬ್ದದ ಅಳತೆ ಸೆಕೆಂಡಿಗೆ 8,000 ಬಾರಿ ಮಾತ್ರ. ಅಳತೆಯ ದರದ ಅರ್ಧಕ್ಕಿಂತ ಹೆಚ್ಚಿನ ಆವೃತ್ತಿಯನ್ನು ಹಿಡಿಯಲಾಗದು ಎಂಬುದು ನಿಯಮವಾದ್ದರಿಂದ 4,000 ಹರ್ಟ್ಸಿಗಿಂತ ಮೇಲಿನ ಸ್ವರಗಳೆಲ್ಲ ಇಲ್ಲಿ ಮಾಯವಾಗುತ್ತವೆ. ತಂಬೂರಿಯ ಝೇಂಕಾರ ಹಳೆಯ ಟೆಲಿಫೋನಿನಲ್ಲಿ ಕೇಳಿದಂತೆ ಸಪ್ಪೆಯಾಗಿದ್ದರೆ ಗಣಕವು ತಪ್ಪು ಏರ್ಪಾಡನ್ನು ಹಿಡಿದಿದೆ ಎಂದು ಊಹಿಸಬಹುದು.

ಲಿನಕ್ಸಿನೊಳಗಿನ ಮೆಟ್ಟಿಲುಗಳು

ಲಿನಕ್ಸ್ ಎಂಬುದು ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಕರ್ನೆಲ್, ಎಂದರೆ ಯಂತ್ರಾಂಗವನ್ನು ಆಳುವ ತಿರುಳು. ಅದರ ಸುತ್ತ ಬೇರೆ ಬೇರೆ ತಂಡಗಳು ಬರೆದ ತಂತ್ರಾಂಶಗಳು ಸೇರಿ ಪೂರ್ಣ ವ್ಯವಸ್ಥೆಯಾಗುತ್ತದೆ. ನಮ್ಮ ಶಬ್ದವು ಇಳಿದುಬರಬೇಕಾದ ಮೆಟ್ಟಿಲುಗಳು ಐದು.

ಮೊದಲನೆಯದು ಹಾಡನ್ನು ನುಡಿಸುವ ತಂತ್ರಾಂಶ. ಎರಡನೆಯದು ಪೈಪ್‌ವೈರ್ ಎಂಬ ಶಬ್ದದ ಮೇಲ್ವಿಚಾರಕ. ಯಾವ ಶಬ್ದ ಯಾವ ದ್ವಾರದಿಂದ ಹೊರಡಬೇಕೆಂಬುದು ನಿಶ್ಚಯವಾಗುವುದೂ ಶಬ್ದವನ್ನು ಹಿಂಡುವುದೂ ಇಲ್ಲಿಯೇ. ಹಳೆಯ ವ್ಯವಸ್ಥೆಗಳಲ್ಲಿ ಈ ಸ್ಥಾನದಲ್ಲಿ ಪಲ್ಸ್‌ಆಡಿಯೋ ಇರುತ್ತದೆ. ಮೂರನೆಯದು ಬ್ಲೂಜ಼ಡ್, ಉಪಕರಣಗಳನ್ನು ಹುಡುಕುವುದು, ಪರಿಚಯಿಸುವುದು, ಸಂಪರ್ಕಿಸುವುದು ಇದರ ಹೊಣೆ. ನಾಲ್ಕನೆಯದು ಕರ್ನೆಲ್. ಐದನೆಯದು ರೇಡಿಯೋ ಅಲೆಯನ್ನು ಹೊರಸೂಸುವ ಅಡಾಪ್ಟರ್ ಮತ್ತು ಅದರೊಳಕ್ಕೆ ತುಂಬಬೇಕಾದ ಫರ್ಮ್‌ವೇರ್.

‘ಸಂಪರ್ಕವಾಗಿದೆ’ ಎಂದು ಹೇಳುವುದು ಮೂರನೆಯ ಮೆಟ್ಟಿಲು. ಶಬ್ದವನ್ನು ಕಳುಹಿಸಬೇಕಾದುದು ಎರಡನೆಯದು. ಒಂದು ತನ್ನ ಕೆಲಸ ಮುಗಿಸಿದರೂ ಇನ್ನೊಂದು ಸುಮ್ಮನಿರಬಹುದು. ಮೊದಲು ಕಂಡ ಒಗಟಿಗೆ ಇದೇ ಬಿಡಿಸುವ ಕೀಲಿ.

ಜೋಡಿಸುವ ಕ್ರಮ

2023ರಲ್ಲಿ ಹೊರಬಂದ ದೆಬಿಯನ್ 12 ಎಂಬ ವ್ಯವಸ್ಥೆಯನ್ನು ಉದಾಹರಣೆಯಾಗಿಟ್ಟುಕೊಳ್ಳೋಣ. ಮುಂದೆ ಹೇಳುವ ಆಜ್ಞೆಗಳನ್ನು ಟರ್ಮಿನಲ್ ಕಿಟಕಿಯಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಿಂದ ಟೈಪು ಮಾಡತಕ್ಕದ್ದು. ಕೆಳಗಿನ ಮೆಟ್ಟಿಲಿನಿಂದ ಮೇಲಕ್ಕೆ ಹೋಗುವುದು ಸುರಕ್ಷಿತ ಮಾರ್ಗ.

ಮೇಜಿನ ಗಣಕಗಳಲ್ಲಿ ಎಷ್ಟೋ ವೇಳೆ ಬ್ಲೂಟೂತ್ ಅಡಾಪ್ಟರೇ ಇರುವುದಿಲ್ಲ. ಹೆಬ್ಬೆರಳ ಉಗುರಿನಷ್ಟು ಗಾತ್ರದ ಒಂದನ್ನು ಯುಎಸ್‌ಬಿ ಕಿಂಡಿಗೆ ಸಿಕ್ಕಿಸಬೇಕು. ‘ಎಲ್‌ಎಸ್‌ಯುಎಸ್‌ಬಿ’ ಎಂಬ ಆಜ್ಞೆಯು ಗಣಕಕ್ಕೆ ಕಂಡ ಯುಎಸ್‌ಬಿ ಉಪಕರಣಗಳ ಪಟ್ಟಿಯನ್ನು ಕೊಡುತ್ತದೆ. ಅದರಲ್ಲಿ ಅಡಾಪ್ಟರ್ ಇಲ್ಲದಿದ್ದರೆ ದೋಷ ಕಿಂಡಿಯದು ಅಥವಾ ಅಡಾಪ್ಟರಿನದು. ತಂತ್ರಾಂಶವನ್ನು ದೂರಿ ಫಲವಿಲ್ಲ. ಇದ್ದರೆ ‘ಆರ್‌ಎಫ್‌ಕಿಲ್ ಲಿಸ್ಟ್’ ಎಂಬ ಆಜ್ಞೆಯಿಂದ ರೇಡಿಯೋಗೆ ತಡೆಯೊಡ್ಡಲಾಗಿದೆಯೆ ಎಂದು ನೋಡಬೇಕು. ತಡೆಯಿದ್ದರೆ ‘ಆರ್‌ಎಫ್‌ಕಿಲ್ ಅನ್‌ಬ್ಲಾಕ್ ಬ್ಲೂಟೂತ್’ ಎಂದರೆ ತೆರವಾಗುತ್ತದೆ; ಗುಂಡಿಯೊತ್ತಿ ಹಾಕಿದ ತಡೆಯನ್ನು ಮಾತ್ರ ಗುಂಡಿಯಿಂದಲೇ ತೆಗೆಯಬೇಕು.

ಫರ್ಮ್‌ವೇರ್ ದೊರೆಯದಿದ್ದರೆ ಕರ್ನೆಲ್ಲಿನ ದಿನಚರಿಯನ್ನು ತೋರಿಸುವ ‘ಡಿಮೆಸ್ಗ್’ ಆಜ್ಞೆಯಲ್ಲಿ ಆ ಮಾತು ಬರೆದಿರುತ್ತದೆ. ಮುಕ್ತವಲ್ಲದ ಫರ್ಮ್‌ವೇರನ್ನು ದೆಬಿಯನ್ ಹಿಂದೆ ತನ್ನ ಮುಖ್ಯ ಅನುಸ್ಥಾಪನ ತಟ್ಟೆಯಲ್ಲಿ ಸೇರಿಸುತ್ತಿರಲಿಲ್ಲ. 2022ರಲ್ಲಿ ಅದರ ಸದಸ್ಯರು ಮತ ಹಾಕಿ ನಿರ್ಣಯಿಸಿದ ಮೇಲೆ 12ನೆಯ ಆವೃತ್ತಿಯಿಂದ ಅದನ್ನು ಸೇರಿಸಲಾಯಿತು.

ಮುಂದೆ ‘ಬ್ಲೂಟೂತ್‌ಸಿಟಿಎಲ್’ ಎಂದು ಟೈಪು ಮಾಡಿದರೆ ಬ್ಲೂಜ಼ಡ್‌ನೊಡನೆ ನೇರ ಸಂವಾದ ತೆರೆಯುತ್ತದೆ. ‘ಪವರ್ ಆನ್’ ರೇಡಿಯೋವನ್ನು ಎಬ್ಬಿಸುತ್ತದೆ. ‘ಸ್ಕ್ಯಾನ್ ಆನ್’ ಸುತ್ತಲಿನ ಉಪಕರಣಗಳನ್ನು ಹುಡುಕುತ್ತದೆ. ಆಗ ಧ್ವನಿವರ್ಧಕವು ಪರಿಚಯಕ್ಕೆ ಸಿದ್ಧವಾಗಿ ದೀಪ ಮಿನುಗಿಸುತ್ತಿರಬೇಕು. ಪ್ರತಿಯೊಂದು ಉಪಕರಣಕ್ಕೂ 48 ಬಿಟ್ಟುಗಳ ವಿಳಾಸವಿದ್ದು ಅದು ತೆರೆಯ ಮೇಲೆ ಮೂಡುತ್ತದೆ. ‘ಪೇರ್’ ಎಂದು ಬರೆದು ಆ ವಿಳಾಸವನ್ನು ಕೊಟ್ಟರೆ ಎರಡು ಉಪಕರಣಗಳೂ 128 ಬಿಟ್ಟುಗಳ ಗುಪ್ತ ಕೀಲಿಯೊಂದನ್ನು ಒಪ್ಪಿಕೊಂಡು ತಂತಮ್ಮ ನೆನಪಿನಲ್ಲಿಡುತ್ತವೆ. ‘ಟ್ರಸ್ಟ್’ ಎಂದರೆ ಮುಂದೆ ಅದು ತಾನಾಗಿ ಬಂದಾಗ ಕೇಳದೆಯೇ ಒಳಕ್ಕೆ ಬಿಡು ಎಂದರ್ಥ. ಕಡೆಯದು ‘ಕನೆಕ್ಟ್’.

ಈಗ ಎರಡನೆಯ ಮೆಟ್ಟಿಲು. ‘ಡಬ್ಲ್ಯುಪಿಸಿಟಿಎಲ್ ಸ್ಟೇಟಸ್’ ಎಂಬ ಆಜ್ಞೆಯು ಶಬ್ದ ಹೊರಡಬಹುದಾದ ದ್ವಾರಗಳನ್ನು ಸಂಖ್ಯೆಗಳೊಡನೆ ತೋರಿಸುತ್ತದೆ. ನಕ್ಷತ್ರದ ಗುರುತುಳ್ಳ ದ್ವಾರವೇ ಸದ್ಯದ್ದು. ಗುರುತು ಬೇರೆಡೆ ಇದ್ದರೆ ‘ಡಬ್ಲ್ಯುಪಿಸಿಟಿಎಲ್ ಸೆಟ್-ಡಿಫಾಲ್ಟ್’ ಎಂದು ಬರೆದು ಧ್ವನಿವರ್ಧಕದ ಸಂಖ್ಯೆಯನ್ನು ಕೊಡಬೇಕು. ಪಟ್ಟಿಯಲ್ಲಿ ಧ್ವನಿವರ್ಧಕವೇ ಇಲ್ಲದಿದ್ದರೆ ಪೈಪ್‌ವೈರಿಗೂ ಬ್ಲೂಜ಼ಡ್‌ಗೂ ಸೇತುವೆಯಾದ ‘ಲಿಬ್‌ಸ್ಪಾ-0.2-ಬ್ಲೂಟೂತ್’ ಎಂಬ ಕಟ್ಟು ಗಣಕದಲ್ಲಿಲ್ಲದಿರಬಹುದು. ಅದನ್ನು ಸ್ಥಾಪಿಸಿ ಗಣಕವನ್ನು ಮತ್ತೆ ಆರಂಭಿಸತಕ್ಕದ್ದು.

ಮೌನಕ್ಕೂ ತೊದಲಿಗೂ ಇತರ ಕಾರಣಗಳು

ಒಂದೇ ಗಣಕದಲ್ಲಿ ವಿಂಡೋಸನ್ನೂ ಲಿನಕ್ಸನ್ನೂ ಇಟ್ಟುಕೊಂಡವರಿಗೆ ಒಂದು ತೊಡಕುಂಟು. ಅಡಾಪ್ಟರ್ ಒಂದೇ ಆದ್ದರಿಂದ ಧ್ವನಿವರ್ಧಕಕ್ಕೆ ಕಾಣುವ ವಿಳಾಸವೂ ಒಂದೇ. ವಿಂಡೋಸಿನಲ್ಲಿ ಹೊಸದಾಗಿ ಪರಿಚಯಿಸಿದಾಗ ಹೊಸ ಕೀಲಿ ಹುಟ್ಟಿ ಹಳೆಯದು ಅಳಿಯುತ್ತದೆ. ಲಿನಕ್ಸಿನ ಬಳಿ ಉಳಿಯುವುದು ನಿರುಪಯುಕ್ತವಾದ ಹಳೆಯ ಕೀಲಿ. ‘ರಿಮೂವ್’ ಆಜ್ಞೆಯಿಂದ ಹಳೆಯ ಪರಿಚಯವನ್ನು ಅಳಿಸಿ ಮತ್ತೆ ಪರಿಚಯಿಸಿದರೆ ಸರಿಹೋಗುತ್ತದೆ. ಧ್ವನಿವರ್ಧಕವನ್ನು ಪಕ್ಕದಲ್ಲಿರುವ ಫೋನು ಮೊದಲೇ ಸೆಳೆದುಕೊಂಡಿದೆಯೆ ಎಂಬುದನ್ನೂ ನೋಡಬೇಕು.

ಹಾಡು ತೊದಲುತ್ತಿದ್ದರೆ ಅಡಾಪ್ಟರ್ ಇರುವ ಸ್ಥಳವನ್ನು ಗಮನಿಸಿರಿ. ಯುಎಸ್‌ಬಿ 3 ಕಿಂಡಿಯಲ್ಲಿ ಸೆಕೆಂಡಿಗೆ 500 ಕೋಟಿ ಬಿಟ್ಟುಗಳು ಹರಿಯಬಲ್ಲವು. ಇಷ್ಟು ವೇಗದ ವಿದ್ಯುತ್ ಸ್ಪಂದನಗಳು ತಾವೇ ರೇಡಿಯೋ ಗದ್ದಲವನ್ನುಂಟುಮಾಡುತ್ತವೆ; ಆ ಗದ್ದಲ 2,400 ಮೆಗಾಹರ್ಟ್ಸಿನ ಪಟ್ಟಿಯಲ್ಲಿಯೂ ಹರಡಿರುತ್ತದೆ. 2012ರಲ್ಲಿ ಇಂಟೆಲ್ ಸಂಸ್ಥೆ ಪ್ರಕಟಿಸಿದ ತಾಂತ್ರಿಕ ಬರೆಹವೊಂದು ಇದನ್ನು ಅಳತೆಗಳೊಡನೆ ತೋರಿಸಿಕೊಟ್ಟಿತು. ಅಡಾಪ್ಟರನ್ನು ಚಿಕ್ಕ ಉದ್ದಿಕೆಯ ತಂತಿಗೆ ಸಿಕ್ಕಿಸಿ ಲೋಹದ ಪೆಟ್ಟಿಗೆಯಿಂದ ದೂರಕ್ಕೆ ತಂದಿಡುವುದು ಅಗ್ಗವಾದ ಪರಿಹಾರ.

ಚಲನಚಿತ್ರ ನೋಡುವಾಗ ತುಟಿ ಅಲುಗಿದ ಅನಂತರ ಮಾತು ಕೇಳಿಸುವುದು ದೋಷವಲ್ಲ. ಶಬ್ದವನ್ನು ಹಿಂಡಿ, ಕಳುಹಿಸಿ, ಕೂಡಿಟ್ಟುಕೊಂಡು, ಬಿಡಿಸುವುದಕ್ಕೆ ಸಮಯ ಬೇಕು. ವಿಳಂಬವು 0.2 ಸೆಕೆಂಡ್ ಎಂದಿಟ್ಟುಕೊಂಡರೆ, ಅದು 68 ಮೀಟರ್ ದೂರದಲ್ಲಿ ನಿಂತವನ ಮಾತನ್ನು ಕೇಳಿದಂತೆ. ವಿಳಂಬವನ್ನು ಲೆಕ್ಕಕ್ಕೆ ತೆಗೆದುಕೊಂಡು ಚಿತ್ರವನ್ನೂ ತಡೆದು ತೋರಿಸುವ ತಂತ್ರಾಂಶಗಳಿವೆ.

ಒಂದು ಎಚ್ಚರಿಕೆ

‘ಸುಡೋ’ ಎಂಬ ಪದದಿಂದ ಆರಂಭವಾಗುವ ಆಜ್ಞೆಗೆ ಗಣಕದಲ್ಲಿ ಸರ್ವಾಧಿಕಾರವುಂಟು. ಅದು ಶಬ್ದವನ್ನು ಸರಿಪಡಿಸಬಲ್ಲುದು. ವರ್ಷದ ಪಾಠಟಿಪ್ಪಣಿಗಳನ್ನು ಕ್ಷಣದಲ್ಲಿ ಅಳಿಸಲೂಬಲ್ಲುದು. ಅರ್ಥ ತಿಳಿಯದ ಆಜ್ಞೆಯನ್ನು ಯಾರು ಕೊಟ್ಟರೂ ಟೈಪು ಮಾಡಬಾರದು. ‘ಮ್ಯಾನ್’ ಎಂದು ಬರೆದು ಆಜ್ಞೆಯ ಹೆಸರನ್ನು ಸೇರಿಸಿದರೆ ಗಣಕವೇ ಅದರ ವಿವರಣೆಯನ್ನು ಕೊಡುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಅದರ ಫಲವನ್ನು ಬರೆದಿಟ್ಟುಕೊಳ್ಳುವುದು ಪ್ರಯೋಗಶಾಲೆಯ ಮೊದಲ ಪಾಠ. ಇಲ್ಲಿಯೂ ಅದೇ ಪಾಠ ನಡೆಯುತ್ತದೆ.

ವಿದ್ಯಾರ್ಥಿಗಳು ಮಾಡಿ ನೋಡಬಹುದಾದ ಪ್ರಯೋಗಗಳು

1. ಹಾಡು ನಡೆಯುತ್ತಿರುವಾಗ ಧ್ವನಿವರ್ಧಕವನ್ನು ಹಿಡಿದು ದೂರ ಸಾಗಿರಿ. ಮೊದಲು ಬಯಲಿನಲ್ಲಿ, ಅನಂತರ ಗೋಡೆಯಾಚೆಗೆ. ಹಾಡು ತುಂಡಾಗುವ ದೂರಗಳನ್ನು ಅಳೆದು ಹೋಲಿಸಿರಿ.

2. ಉದ್ದಿಕೆಯ ತಂತಿಯ ತುದಿಯಲ್ಲಿರುವ ಅಡಾಪ್ಟರಿನ ಮೇಲೆ ಸ್ಟೀಲಿನ ಪಾತ್ರೆಯೊಂದನ್ನು ಮಗುಚಿ ಇಡಿರಿ. ಅಂಚಿನಲ್ಲಿ ಸಂದು ಉಳಿದಾಗಲೂ ಉಳಿಯದಂತೆ ಮುಚ್ಚಿದಾಗಲೂ ಹಾಡು ಹೇಗೆ ವರ್ತಿಸುತ್ತದೆ? ತರಂಗದೂರವನ್ನು ನೆನಪಿಗೆ ತಂದುಕೊಂಡು ಕಾರಣವನ್ನು ಯೋಚಿಸಿರಿ.

3. ಎ2ಡಿಪಿಯಲ್ಲಿಯೂ ಎಚ್‌ಎಫ್‌ಪಿಯಲ್ಲಿಯೂ ಒಂದೇ ವೀಣಾವಾದನವನ್ನು ಕೇಳಿರಿ. ಯಾವ ಸ್ವರಗಳು ಕಾಣೆಯಾದುವು ಎಂಬುದನ್ನು ಕಿವಿಯಿಂದ ಮೊದಲು ಗುರುತಿಸಿ, ಅನಂತರ ಲೆಕ್ಕದಿಂದ ತಾಳೆ ನೋಡಿರಿ.