ಕೊಳ್ಳುವವರು ಹುಡುಕುವ ಮಾತು: ಅಂತರ್ಜಾಲ ಪುಟಕ್ಕೆ ಪದಗಳ ಆಯ್ಕೆ



ಮಂಡಿಯಲ್ಲಿ ರಾಶಿ ಇಡಿ, ಬೆಟ್ಟೆ, ಗೊರಬಲು ಎಂದರೆ ಸಾಕು, ಖರೀದಿದಾರರಿಗೆ ಅರ್ಥವಾಗುತ್ತದೆ. ಆದರೆ ತೋಟದ ಮೆಣಸನ್ನೋ ಕಾಫಿ ಪುಡಿಯನ್ನೋ ದೂರದ ಮನೆಗಳಿಗೆ ನೇರವಾಗಿ ಮಾರಲು ಅಂತರ್ಜಾಲದಲ್ಲಿ ಪುಟ ತೆರೆದಾಗ ಈ ಅನುಕೂಲವಿಲ್ಲ. ಕೊಳ್ಳುವವರು ತಮಗೆ ಗೊತ್ತಿರುವ ಮಾತನ್ನು ಬರೆದು ಹುಡುಕುತ್ತಾರೆ. ಗೂಗಲ್ ಯಂತ್ರವು ಪುಟಗಳನ್ನು ಮೊದಲೇ ಓದಿ, ಪುಸ್ತಕದ ಕೊನೆಯ ಪದಸೂಚಿಯಂತೆ ಪಟ್ಟಿಮಾಡಿ ಇಟ್ಟುಕೊಂಡಿರುತ್ತದೆ. ಆ ಮಾತು ನಮ್ಮ ಪುಟದಲ್ಲಿಲ್ಲದಿದ್ದರೆ, ಮಾಲು ಎಷ್ಟೇ ಚೆನ್ನಾಗಿದ್ದರೂ ಗಿರಾಕಿಯ ಕಣ್ಣಿಗೆ ಬೀಳುವುದು ಕಷ್ಟ.

ಮಾಸ್ತಿಕಟ್ಟೆಯ ಬೆಳೆಗಾರರೊಬ್ಬರು ತಮ್ಮ ಪುಟಕ್ಕೆ ‘ನಮ್ಮ ತೋಟದ ಉತ್ಪನ್ನಗಳು’ ಎಂದು ಶಿರೋನಾಮೆ ಕೊಟ್ಟರೆಂದು ಇಟ್ಟುಕೊಳ್ಳೋಣ. ಇದರಲ್ಲಿ ಮಾಲಿನ ಹೆಸರೂ ಇಲ್ಲ, ಊರಿನ ಹೆಸರೂ ಇಲ್ಲ. ‘ಒಳ್ಳೆಮೆಣಸು’ ಎಂದು ಬರೆದರೂ ಅರ್ಧ ಕೆಲಸವಾದಂತೆ. ಪೇಟೆಯವರು ಅದನ್ನೇ ಕಾಳುಮೆಣಸು, ಕರಿಮೆಣಸು ಅಥವಾ ಬ್ಲ್ಯಾಕ್ ಪೆಪ್ಪರ್ ಎಂದು ಹುಡುಕಬಹುದು. ಜಿಲ್ಲೆಯ ಹೆಸರಿನ ಇಂಗ್ಲಿಷ್ ರೂಪವೂ 2014ರ ನವೆಂಬರ್‌ನಲ್ಲಿ ಬದಲಾಗಿದೆ. ಹಳೆಯ ‘ಶಿಮೊಗ’ ರೂಢಿಯಲ್ಲಿರುವವರೂ ಇದ್ದಾರೆ. ಸಮಾನಾರ್ಥಕ ಪದಗಳನ್ನು ಯಂತ್ರ ಸ್ವಲ್ಪಮಟ್ಟಿಗೆ ಗುರುತಿಸುತ್ತದೆ. ಆದರೆ ಅದನ್ನೇ ನಂಬಿ ಕೂರಬಾರದು.

ಅನುಸರಿಸಬೇಕಾದ ಕ್ರಮ:

1. ಪಟ್ಟಿ ಮಾಡಿ: ಪೇಟೆಯಲ್ಲಿರುವ ಮಕ್ಕಳು, ನೆಂಟರು, ಹಳೆಯ ಗಿರಾಕಿಗಳು ನಿಮ್ಮ ಮಾಲನ್ನು ಏನೆಂದು ಕರೆಯುತ್ತಾರೆಂದು ಕೇಳಿ ಬರೆದುಕೊಳ್ಳಿ. ಇಂಗ್ಲಿಷ್ ಅಕ್ಷರಗಳ ರೂಪವನ್ನೂ ಸೇರಿಸಿ.

2. ಪರೀಕ್ಷಿಸಿ: ಒಂದೊಂದು ಪದವನ್ನೂ ಗೂಗಲ್‌ನಲ್ಲಿ ಬರೆಯತೊಡಗಿ. ಕೆಳಗೆ ತಾನಾಗಿ ಮೂಡುವ ಸಾಲುಗಳು ಜನರ ಹುಡುಕಾಟದಿಂದ ಬಂದವು. ಎರಡು ಪದಗಳನ್ನು ಹೋಲಿಸಲು ಗೂಗಲ್ ಟ್ರೆಂಡ್ಸ್ ಇದೆ, ಖರ್ಚಿಲ್ಲ.

3. ಆರಿಸಿ: ಬರೀ ‘ಕಾಫಿ’ ಎಂಬ ಪದಕ್ಕೆ ದೊಡ್ಡ ಕಂಪನಿಗಳ ಪೈಪೋಟಿ. ‘ಚಿಕೋರಿ ಇಲ್ಲದ ಫಿಲ್ಟರ್ ಕಾಫಿ ಪುಡಿ’ ಎಂದು ಹುಡುಕುವವರು ಕಡಿಮೆ; ಆದರೆ ಅವರಿಗೆ ಬೇಕಾದುದು ಏನೆಂಬುದು ಸ್ಪಷ್ಟ. ಸಣ್ಣ ಬೆಳೆಗಾರರಿಗೆ ಇಂಥ ಉದ್ದನೆಯ ಮಾತೇ ಲಾಭ.

4. ಬಳಸಿ: ಒಂದು ಪುಟಕ್ಕೆ ಒಂದೇ ಮಾಲು. ಆರಿಸಿದ ಮಾತು ಶಿರೋನಾಮೆಯಲ್ಲೂ ಮೊದಲ ಸಾಲುಗಳಲ್ಲೂ ಬರಲಿ; ಉಳಿದ ಹೆಸರುಗಳು ವಿವರಣೆಯಲ್ಲಿ ಸಹಜವಾಗಿ ಬರಲಿ. ವಿವರವನ್ನೆಲ್ಲ ಚಿತ್ರದೊಳಗೆ ಅಚ್ಚು ಹಾಕದೆ ಅಕ್ಷರಗಳಲ್ಲೇ ಬರೆಯಿರಿ.

ಎರಡು ಎಚ್ಚರಿಕೆಗಳು. ಒಂದೇ ಪದವನ್ನು ಹತ್ತಾರು ಸಲ ತುರುಕಿದರೆ ಪುಟ ಮೇಲೇರುವುದಿಲ್ಲ, ಹಿಂದೆ ಬೀಳಬಹುದು. ಪುಟದ ಒಳಗೆ ಕಾಣದಂತೆ ಸೇರಿಸುವ ‘ಕೀವರ್ಡ್ಸ್’ ಪಟ್ಟಿಗೆ ಶ್ರೇಯಾಂಕದಲ್ಲಿ ಬೆಲೆಯಿಲ್ಲವೆಂದು ಗೂಗಲ್ 2009ರಲ್ಲೇ ತಿಳಿಸಿದೆ. ಅದಕ್ಕೆಂದು ಯಾರಿಗೂ ಹಣ ಕೊಡಬೇಡಿ. ಎರಡನೆಯದಾಗಿ, ಹೆಚ್ಚು ಜನ ಹುಡುಕುತ್ತಾರೆಂದು ಸುಳ್ಳು ಹೆಸರು ಹಾಕಬಾರದು. ‘ಚಿಕ್ಕಮಗಳೂರು ಅರೇಬಿಕಾ’ 2019ರಲ್ಲಿ ಭೌಗೋಳಿಕ ಸೂಚಿ ಪಡೆದ ಹೆಸರು; ನಮ್ಮ ಹೊಸನಗರದ ಕಾಫಿಗೆ ಅದನ್ನು ಅಂಟಿಸುವುದು ಕಾನೂನಿಗೂ ವಿರುದ್ಧ, ನಂಬಿಕೆಗೂ ದ್ರೋಹ.

ಮೂರು ತಿಂಗಳ ನಂತರ, ಯಾವ ಮಾತಿನಿಂದ ಜನ ಬಂದರೆಂದು ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ನೋಡಿ ಪುಟವನ್ನು ತಿದ್ದಿ. ಗೊಬ್ಬರ ಹಾಕಿದ ಮರುದಿನವೇ ಫಸಲು ಕೇಳುವವರು ನಾವಲ್ಲವಷ್ಟೆ.

ಅಭ್ಯಾಸ: ನಿಮ್ಮ ಒಂದು ಮಾಲಿಗೆ ಪೇಟೆಯವರು ಹೇಳುವ ಐದು ಹೆಸರುಗಳನ್ನು ಈ ವಾರ ಬರೆದಿಡಿ.